ಮೂರನೇ ಮುಲಾಮು ಬೇಡ, ತಾಲ್ಲೂಕಿನಲ್ಲೇ ಬಯಾಪ್ಸಿ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಭಾಗದ ಬಾಯಿ ಕ್ಯಾನ್ಸರ್ ಕುರಿತು ಮಾತು ಬಂದಾಗಲೆಲ್ಲ ದೊಡ್ಡ ಆಸ್ಪತ್ರೆ, ದೊಡ್ಡ ಯಂತ್ರಗಳ ಬೇಡಿಕೆಯೇ ಮುಂದೆ ಬರುತ್ತದೆ. ಅವು ಬೇಡವೆನ್ನುವವ ನಾನಲ್ಲ. ಆದರೆ ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಘಟಕ ಇದ್ದರೂ ನಮ್ಮ ಕಡೆಯ ಎಷ್ಟೋ ರೋಗಿಗಳು ಅಲ್ಲಿಗೆ ಹೋಗುವುದು ಗಡ್ಡೆ ಕುತ್ತಿಗೆಗೆ ಇಳಿದ ಮೇಲೆ. ತಡ ಎಲ್ಲಿ ಆಗುತ್ತಿದೆ ಎಂಬುದು ಶಹಾಪುರದಲ್ಲಿ ಔಷಧ ಅಂಗಡಿ ಇಟ್ಟಿರುವ ನನಗೆ ಗಲ್ಲಾದ ಮೇಲೆ ಕುಳಿತಲ್ಲಿಂದಲೇ ಕಾಣುತ್ತದೆ.

‘ಬಾಯಾಗ ಹುಣ್ಣಾಗ್ಯಾದ್ರಿ, ಒಂದ್ ಮುಲಾಮ್ ಕೊಡ್ರಿ’ ಎಂದು ದಿನವೂ ಜನ ಬರುತ್ತಾರೆ. ಹೆಚ್ಚಿನವರದು ಸಾದಾ ಹುಣ್ಣು. ಬಿ ಕಾಂಪ್ಲೆಕ್ಸ್ ಗುಳಿಗೆ ನುಂಗಿದರೂ ನುಂಗದಿದ್ದರೂ ವಾರ ಹತ್ತು ದಿನದಲ್ಲಿ ಮಾಯುತ್ತದೆ. ಚಿಂತೆ ಅದೇ ಹುಣ್ಣಿಗೆ ಎರಡನೇ, ಮೂರನೇ ಟ್ಯೂಬ್ ಕೇಳುವವರದು. ಈ ಜೆಲ್‌ಗಳಲ್ಲಿ ಕೆಲವದರಲ್ಲಿ ಜೋಮು ಹಿಡಿಸುವ ಲಿಗ್ನೋಕೇನ್ ಇರುತ್ತದೆ, ಕೆಲವದರಲ್ಲಿ ಸ್ಟಿರಾಯ್ಡ್. ಒಂದು ರೊಟ್ಟಿ ತಿನ್ನುವಷ್ಟು ಹೊತ್ತು ಉರಿ ತಗ್ಗುತ್ತದೆ, ಹುಣ್ಣು ಇದ್ದಲ್ಲೇ ಇರುತ್ತದೆ.

ಇತ್ತೀಚೆಗೆ ಒಬ್ಬ ಹಮಾಲರು ಹೀಗೆಯೇ ಮತ್ತೊಂದು ಟ್ಯೂಬ್ ಕೇಳಿದರು. ತಮ್ಮ ಮೂರು ಬೆರಳು ಜೋಡಿಸಿ ಮೇಲಿನ ಕೆಳಗಿನ ಹಲ್ಲಿನ ನಡುವೆ ತೂರಿಸಲು ಹೇಳಿದೆ. ಎರಡಕ್ಕೇ ನಿಂತಿತು. ಮೊಬೈಲ್ ಬ್ಯಾಟರಿ ಬೆಳಕು ಹಿಡಿದು ನೋಡಿದರೆ ಒಳಗೆನ್ನೆ ಬಿಳಿಚಿ ಬಿಗಿದು ಚರ್ಮದ ಪಟ್ಟಿಯಂತಾಗಿತ್ತು. ಜರ್ದಾ ಒತ್ತಿಡುವ ಬಲ ದವಡೆಯ ಸಂದಿಯಲ್ಲೇ ಅಂಚು ಎದ್ದ ಕೆಂಪು ಹುಣ್ಣು. ‘ನೋವೇನಿಲ್ರಿ ಅಣ್ಣಾರ, ಖಾರ ಅಷ್ಟೇ ತಡಿಯಂಗಿಲ್ಲ’ ಎಂದರು. ಮೋಸವಿರುವುದೇ ಅಲ್ಲಿ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಬಹಳ ಸಲ ನೋಯುವುದೇ ಇಲ್ಲ. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಕೆಟ್ಟದ್ದಾದ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗುವ ಹಲ್ಲು, ನಾಲಗೆ ಹೊರಳದಿರುವುದು, ಇವನ್ನು ಮುಲಾಮಿನಿಂದ ಮುಚ್ಚಬಾರದು.

2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಅಂಗಡಿಯಲ್ಲಿ ಈಗ ಪಾನ್ ಮಸಾಲೆಯ ಪಾಕೀಟು ಬೇರೆ, ಜರ್ದಾ ಪಾಕೀಟು ಬೇರೆ. ಕೂಡಿಸುವ ಕೆಲಸ ಗಿರಾಕಿಯದು, ನಿಷೇಧಕ್ಕೆ ಅಷ್ಟೇ ಬೆಲೆ. ‘ಬರೀ ಸುಪಾರಿ, ತಂಬಾಕಿಲ್ಲ’ ಎನ್ನುವವರಿಗೂ ಸಮಾಧಾನವಿಲ್ಲ. ಅಡಿಕೆ ತಾನೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಬಾಯಿ ಹೀಗೆ ಬಿಗಿಯುವುದಕ್ಕೂ ಅದೇ ಮೂಲ. ಮಿಸ್ರಿಯಲ್ಲಿ, ಅಂದರೆ ಸುಟ್ಟ ತಂಬಾಕಿನ ಪುಡಿಯಲ್ಲಿ, ಹಲ್ಲು ತಿಕ್ಕುವ ನಮ್ಮ ತಾಯಂದಿರು ಅದನ್ನು ಚಟವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಚಟವೇ ಇಲ್ಲದವರಿಗೂ ಬರುವ ಇನ್ನೊಂದಿದೆ, ಜೊಲ್ಲುಗ್ರಂಥಿಯ ಗಡ್ಡೆ. ಕಿವಿಯ ಮುಂದೆ ಅಥವಾ ದವಡೆಯ ಕೆಳಗೆ ಬಾವು ಬಂದರೆ ಮಂಗನಬಾವು ಎಂದು ಲೇಪ ಹಚ್ಚಿ ಕೂರುತ್ತಾರೆ. ಮಂಗನಬಾವು ಹೆಚ್ಚೆಂದರೆ ಎರಡು ವಾರದಲ್ಲಿ ಇಳಿಯುತ್ತದೆ, ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಕಿವಿ ಮುಂದಿನ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಗಾಬರಿ ಬೇಡ. ಆದರೆ ಆ ಬದಿಯ ತುಟಿ ಸೊಟ್ಟಗಾದರೆ, ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಒಂದು ದಿನವೂ ತಡೆಯಬಾರದು. ಮುಖದ ನರ ಆ ಗ್ರಂಥಿಯೊಳಗಿಂದಲೇ ಹಾಯುತ್ತದೆ. ಇಲ್ಲಿ ಕುಯ್ದು ನೋಡುವುದಿಲ್ಲ, ಸಣ್ಣ ಸೂಜಿಯಿಂದ ಕೋಶ ಎಳೆದು ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ನರ ಉಳಿಸಿ ಗಡ್ಡೆ ತೆಗೆಯಬಲ್ಲ ಕೈಗೆ ಒಪ್ಪಿಸಬೇಕು.

ಬಾಯಿಯೊಳಗಿನ ಹುಣ್ಣಿನ ಮಾತು ಬೇರೆ. ಜೋಮಿನ ಸೂಜಿ ಕೊಟ್ಟು, ಹುಣ್ಣಿನ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು, ಬೇಕಿದ್ದರೆ ಒಂದು ಹೊಲಿಗೆ ಹಾಕಿ, ಚೂರನ್ನು ಕೆಡದಂತೆ ಇಡುವ ಫಾರ್ಮಲಿನ್ ಬಾಟ್ಲಿಗೆ ಇಳಿಸುವುದು, ಬಯಾಪ್ಸಿ ಎಂದರೆ ಇಷ್ಟೇ. ದಿನವೂ ದವಡೆ ಹಲ್ಲು ಕೀಳುವ ದಂತವೈದ್ಯರಿಗೆ ಇದು ಕಷ್ಟದ ಕೆಲಸವೇ? ಆ ಹಮಾಲರಿಗೆ ಮಾತ್ರ ಸರ್ಕಾರಿ ದವಾಖಾನೆಯಲ್ಲಿ ಸಿಕ್ಕಿದ್ದು ‘ಕಲಬುರಗಿಗೆ ಹೋಗಿ’ ಎಂಬ ಚೀಟಿ. ತೋರಿಸಲು ಒಂದು ದಿನ, ಚೂರು ತೆಗೆಸಲು ಇನ್ನೊಂದು, ವರದಿಗೆ ಮತ್ತೊಂದು; ಮೂರೂ ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಮೇಲೆ ‘ಕತ್ತರಿ ತಾಗಿದ್ರ ಗಡ್ಡಿ ಕೆರಳ್ತದ’ ಎನ್ನುವ ಬಂಧುಗಳು. ಹುಣ್ಣಿನ ಚೂರು ತೆಗೆದದ್ದಕ್ಕೆ ರೋಗ ಹರಡುವುದಿಲ್ಲ. ಹರಡಿದ ಮೇಲೆ ಬಯಾಪ್ಸಿಗೆ ಹೋದವರನ್ನು ಕಂಡು ಹುಟ್ಟಿದ ಮಾತು ಅದು.

ಬೇಗ ಸಿಕ್ಕರೆ ಗಡ್ಡೆಯನ್ನೂ ಕುತ್ತಿಗೆಯ ಗಂಟುಗಳನ್ನೂ (ದುಗ್ಧಗ್ರಂಥಿಗಳನ್ನೂ) ಒಂದೇ ಆಪರೇಷನ್‌ನಲ್ಲಿ ತೆಗೆದು ಅಲ್ಲಿಗೇ ಮುಗಿಸುವ ಅವಕಾಶ ಉಂಟು. ಆರಂಭದ ಬಾಯಿ ಕ್ಯಾನ್ಸರ್‌ನಲ್ಲಿ ಕುತ್ತಿಗೆಯ ಗಂಟುಗಳನ್ನು ಮೊದಲೇ ತೆಗೆದವರಲ್ಲಿ 3 ವರ್ಷ ಬದುಕಿದ್ದವರು ಶೇ 80. ಗಂಟು ಕಾಣಿಸಿದಾಗ ನೋಡೋಣ ಎಂದು ಕಾದವರಲ್ಲಿ ಶೇ 67.5. ಮುಂಬೈನ ಟಾಟಾ ಆಸ್ಪತ್ರೆ 2015ರಲ್ಲಿ ಪ್ರಕಟಿಸಿದ ಲೆಕ್ಕವಿದು. ತಡವಾದರೆ ದವಡೆಯ ತುಂಡನ್ನೇ ತೆಗೆದು ಕಾಲಿನ ಎಲುಬು ಕೂಡಿಸಬೇಕಾಗಬಹುದು. ಬಳಿಕ ವಾರಕ್ಕೆ 5 ದಿನದಂತೆ ಸುಮಾರು 6 ವಾರ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ನಿಜ. ಆ 6 ವಾರ ಕಲಬುರಗಿಯಲ್ಲಿ ರೂಮ್ ಹಿಡಿದು ಜತೆಗಿರುವ ಹೆಂಡತಿಯ ಕೂಲಿ ಯಾವ ಕಾರ್ಡಿನಲ್ಲಿದೆ?

ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಂದ ಬಾಯಿ ತಪಾಸಣೆ ಆಗದು ಎನ್ನುವವರು ಕೇರಳ ನೋಡಲಿ. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಬರಿಗಣ್ಣಿನಿಂದ ಬಾಯಿ ನೋಡಿದ್ದಕ್ಕೇ ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರನೇ ಒಂದು ಭಾಗ ತಗ್ಗಿತು. 2005ರಲ್ಲಿ ಪ್ರಕಟವಾದ ಅಧ್ಯಯನವಿದು. ನಮ್ಮಲ್ಲೂ 30 ವರ್ಷ ದಾಟಿದವರ ತಪಾಸಣೆಯ ಫಾರಂ ಇದೆ. ನಾನು ಕಂಡಂತೆ ಫಾರಂ ತುಂಬುತ್ತದೆ, ಬಾಯಿ ತೆರೆಸುವುದು ಅಪರೂಪ.

ಯಾದಗಿರಿ ಜಿಲ್ಲಾ ಆರೋಗ್ಯಾಧಿಕಾರಿಗಳು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಬಯಾಪ್ಸಿಗೆ ಗೊತ್ತುಮಾಡಲಿ. ಬಾಟ್ಲಿ ಯಾದಗಿರಿಯ ವೈದ್ಯಕೀಯ ಕಾಲೇಜಿಗೆ ಹೋಗಲಿ, ರೋಗಿ ಮನೆಯಲ್ಲಿರಲಿ, ವರದಿ ಫೋನಿಗೆ ಬರಲಿ. ಕರೆಂಟ್‌ಗೆ ಮೊದಲು ಹುಳುಕು ಹಲ್ಲು ತೆಗೆಸುವ ಕೆಲಸವೂ ಅಲ್ಲೇ ಆಗಲಿ. ಆ ದಿನ ಸಂತೆಯ ದಿನವೇ ಆದರೆ ಒಳ್ಳೆಯದು, ಸುತ್ತಲ ಹಳ್ಳಿಯವರು ಹೇಗೂ ಬಂದಿರುತ್ತಾರೆ. ಮೂರನೇ ಟ್ಯೂಬ್ ಕೇಳುವವರನ್ನು ಅಲ್ಲಿಗೆ ಕಳಿಸುವ ಹೊಣೆ ಅಂಗಡಿಯವರಾದ ನಮ್ಮದು.

— ಒಬ್ಬ ಔಷಧ ವ್ಯಾಪಾರಿ, ಶಹಾಪುರ, ಯಾದಗಿರಿ ಜಿಲ್ಲೆ