ಸಿಯೆರಾ ಲಿಯೋನ್‌ನ ಹಳ್ಳಿಗಳಿಗೆ ಹೋಗುವವರು ಮತ್ತೆ ಮತ್ತೆ ಹೋಗಲಿ

ಮಾನ್ಯ ಸಂಪಾದಕರೇ,

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಹಳ್ಳಿಗಳಲ್ಲಿ ಯುದ್ಧ ಮುಗಿದ ಮೇಲೆ ಜನ ರಾಜಿಯಾದ ಬಗ್ಗೆ ಕಳೆದ ವಾರ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ನಮ್ಮ ಕಡೆಯ ಹುಡುಗ ಹುಡುಗಿಯರೂ ಸೋಶಿಯಲ್ ವರ್ಕ್ ಓದಿ ಇಂಥ ಕೆಲಸಕ್ಕೆ ಹೋಗಬೇಕು ಅನ್ನುತ್ತಾರೆ, ಹಾಗಾಗಿ ಲೇಖನದಲ್ಲಿ ಬಿಟ್ಟುಹೋದ ಒಂದು ವಿಷಯ ಹೇಳಲೇಬೇಕು ಅನ್ನಿಸಿತು.

1991ರಲ್ಲಿ ಲೈಬೀರಿಯಾ ಗಡಿಯ ಕೈಲಾಹುನ್ ಜಿಲ್ಲೆಯಲ್ಲಿ ಶುರುವಾದ ಆ ಯುದ್ಧ 2002ರವರೆಗೆ ನಡೆಯಿತು. ಸುಮಾರು 50 ಸಾವಿರ ಜನ ಸತ್ತರು. ಕೈಲಾಹುನ್ ಹೆಸರು ಕೆಲವರಿಗೆ ನೆನಪಿರಬಹುದು, 2000ದಲ್ಲಿ ಬಂಡುಕೋರರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದಿದ್ದ, ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿದ್ದ ನಮ್ಮ ಸೈನಿಕರನ್ನು ಆಪರೇಷನ್ ಖುಕ್ರಿ ನಡೆಸಿ ಬಿಡಿಸಿದ್ದು ಅಲ್ಲೇ. ಬಂಡುಕೋರರಿಗೆ ಬೆಂಬಲ ಕೊಟ್ಟ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ ವಿಶೇಷ ನ್ಯಾಯಾಲಯ 50 ವರ್ಷ ಜೈಲು ಹಾಕಿತು. ಆದರೆ ಹಳ್ಳಿಯಲ್ಲಿ? ಮನೆ ಸುಟ್ಟವನು ಎಷ್ಟೋ ಕಡೆ ಅದೇ ಊರಿನ ಹುಡುಗ, ಚಿಕ್ಕ ವಯಸ್ಸಿನಲ್ಲೇ ಬಂಡುಕೋರರು ಎಳೆದುಕೊಂಡು ಹೋಗಿ ಕೈಗೆ ಕೋವಿ ಕೊಟ್ಟವನು. ಅವನು ವಾಪಸ್ ಬಂದು ಪಕ್ಕದಲ್ಲೇ ಇದ್ದಾನೆ. ದಿನಾ ಮುಖ ನೋಡಬೇಕು, ಮಾತಿಲ್ಲ.

ಈ ಮೌನ ಮುರಿಯಲು ಜಾನ್ ಕಾಕರ್ ಎಂಬುವರು 2007ರಲ್ಲಿ ಫಾಂಬುಲ್ ಟಾಕ್ (ಅಲ್ಲಿನ ಭಾಷೆಯಲ್ಲಿ 'ಮನೆಯವರ ಮಾತುಕತೆ') ಎಂಬ ಊರ ಸಭೆಗಳನ್ನು ಶುರುಮಾಡಿದರು. ಮೊದಲು ಊರವರನ್ನೇ ಕೇಳುತ್ತಾರೆ, ನಿಮಗೆ ಇದು ಬೇಕಾ ಅಂತ. ಸಿದ್ಧತೆ ಮುಗಿದ ಮೇಲೆ ಒಂದು ರಾತ್ರಿ ಊರ ನಡುವೆ ಬೆಂಕಿ ಹಾಕಿ ಎಲ್ಲರೂ ಸುತ್ತ ಕೂರುತ್ತಾರೆ, ನೊಂದವರು ಎದ್ದು ನಿಂತು ಏನಾಯಿತು, ಯಾರು ಮಾಡಿದರು ಎಂದು ಹೇಳುತ್ತಾರೆ, ಮಾಡಿದವನು ಮುಂದೆ ಬಂದು ಒಪ್ಪಿಕೊಂಡು ಕ್ಷಮೆ ಕೇಳುತ್ತಾನೆ. ಮರುದಿನ ತೀರಿಹೋದ ಹಿರಿಯರಿಗೆ ಪೂಜೆ, ಊಟ, ಕುಣಿತ. ಆಮೇಲೆ ಎಲ್ಲರೂ ಸೇರಿ ಬೇಸಾಯ ಮಾಡುವ ಹೊಲ, ಫುಟ್ಬಾಲ್. ನಿಮ್ಮ ಲೇಖನ ಇಲ್ಲಿಗೆ ನಿಂತಿತು.

ಇದರ ಪರಿಣಾಮವನ್ನು 200 ಹಳ್ಳಿಗಳಲ್ಲಿ ಅಳೆದು ನೋಡಿದ ಅಧ್ಯಯನ 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿದೆ. ಸಭೆ ನಡೆದ ಹಳ್ಳಿಗಳಲ್ಲಿ ಜನ ಜಾಸ್ತಿ ಕ್ಷಮಿಸಿದ್ದರು, ಸ್ನೇಹ ಬೆಳೆದಿತ್ತು, ಊರ ಕೆಲಸಕ್ಕೆ ಕೈ ಜೋಡಿಸುವುದು ಹೆಚ್ಚಿತ್ತು. ಆದರೆ ಅದೇ ಹಳ್ಳಿಗಳಲ್ಲಿ ಖಿನ್ನತೆ, ಆತಂಕ, ಯುದ್ಧದ ಆಘಾತದ ಲಕ್ಷಣಗಳೂ ಹೆಚ್ಚಿದ್ದವು, ಸುಮಾರು ಎರಡೂವರೆ ವರ್ಷದ ನಂತರ ಕೇಳಿದಾಗಲೂ. ಹೇಗೋ ಮುಚ್ಚಿಟ್ಟುಕೊಂಡು ಬದುಕುತ್ತಿದ್ದದ್ದನ್ನು ಎಲ್ಲರೆದುರು ಬಿಚ್ಚಿದ ಮೇಲೆ ಅದರ ಜೊತೆ ಮನೆಗೆ ಹೋಗಿ ಮಲಗಬೇಕಲ್ವಾ? ಯುದ್ಧ ಮುಗಿದು ಎಷ್ಟೋ ವರ್ಷ ಆ ದೇಶಕ್ಕೆಲ್ಲ ಇದ್ದದ್ದು ಒಬ್ಬರೇ ಮನೋವೈದ್ಯರು.

ಸಭೆಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಊರು ಒಂದಾಗಬೇಕಾದರೆ ಇದು ಬೇಕು. ಆದರೆ ಹೊರಗಿನಿಂದ ಹೋಗುವವರು ಬೆಂಕಿಯ ರಾತ್ರಿ ನೋಡಿ, ಕಣ್ಣೀರು ಹಾಕಿ, ವಿಮಾನ ಹತ್ತಿದರೆ ಸಾಲದು.

ಇದು ನಮ್ಮ ಎಣ್ಮಕಜೆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದಲ್ಲಿ ನಿಂತ ಮೇಲೆ ಎಷ್ಟು ತಂಡಗಳು ಬಂದವು! ಕಾಯಿಲೆ ಮಕ್ಕಳ ತಾಯಂದಿರನ್ನು ಕೂರಿಸಿ ಮೊದಲಿಂದ ಎಲ್ಲ ಹೇಳಿಸಿದರು, ಮಗುವಿನ ಫೋಟೋ ತೆಗೆದರು, ಹೋದರು. ಯುದ್ಧಕ್ಕೂ ಇದಕ್ಕೂ ಹೋಲಿಕೆ ಇಲ್ಲ, ಆದರೆ ಹೇಳಿದವರಿಗೆ ಆಮೇಲೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ವಾಸಿಯಾಗದ ಕಾಯಿಲೆಯವರನ್ನು ಮನೆಗೇ ಹೋಗಿ ನೋಡಿಕೊಳ್ಳುವ ಪಾಲಿಯೇಟಿವ್ ಹೋಮ್ ಕೇರ್ ಜೊತೆ ಸ್ವಯಂಸೇವಕಿಯಾಗಿ ಆ ಮನೆಗಳಿಗೆ ಹೋಗುತ್ತೇನೆ. ತಂಡ ಬಂದು ಹೋದ ವಾರ ಕೆಲವು ತಾಯಂದಿರು ಸರಿಯಾಗಿ ಊಟ ಮಾಡುವುದಿಲ್ಲ. ಆಗ ಬೇಕಾಗಿರುವುದು ಮುಂದಿನ ತಿಂಗಳೂ ಬರುತ್ತಾರೆ ಎಂದು ಗೊತ್ತಿರುವ, ಸುಮ್ನೆ ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯರು.

ಅದಕ್ಕೇ ಹೊರಡುವ ಮಕ್ಕಳಲ್ಲಿ ನನ್ನ ಕೋರಿಕೆ: ಕರೆದುಕೊಂಡು ಹೋಗುವ ಸಂಸ್ಥೆಯವರನ್ನು ಮೊದಲೇ ಕೇಳಿ. ಆರು ತಿಂಗಳ ನಂತರ ಆ ಹಳ್ಳಿಗೆ ಯಾರು ಹೋಗುತ್ತಾರೆ? ಅಲ್ಲಿನ ಭಾಷೆ ಬರುವ, ನೊಂದವರ ಮಾತು ಕೇಳಲು ತರಬೇತಿ ಪಡೆದ ಒಬ್ಬರಾದರೂ ಆ ಊರಲ್ಲೇ ಇದ್ದಾರಾ? ಇಲ್ಲ ಅಂದರೆ ನಿಮ್ಮ ವಿಮಾನ ಟಿಕೆಟಿನ ಹಣದಲ್ಲಿ ಅಂಥವರನ್ನು ತಯಾರು ಮಾಡಲು ಹೇಳಿ. ಸಂಪಾದಕರೇ, ನೀವೂ ಮುಂದಿನ ಸಲ ಬರೆಸುವಾಗ ಬೆಂಕಿಯೆದುರು ಎದ್ದು ನಿಂತು ಹೇಳಿದವರು ಈಗ ಹೇಗಿದ್ದಾರೆ ಎಂದು ದಯವಿಟ್ಟು ಬರೆಸಿ.

ಇತಿ,
ಒಬ್ಬ ಓದುಗಿ, ಪೆರ್ಲ, ಕಾಸರಗೋಡು ಜಿಲ್ಲೆ