ಸ್ಟ್ಯಾನ್ಲಿ ಟರೆಂಟೀನ್ ಬಗ್ಗೆಯೂ ಬರೆಯಿರಿ

ಮಾನ್ಯರೇ,

ನಮ್ಮ ಕಡೆ ಸ್ಯಾಕ್ಸೊಫೋನ್ ಅಂದ ಕೂಡಲೇ ಕದ್ರಿ ಗೋಪಾಲನಾಥರ ಹೆಸರು ಬರುತ್ತದೆ, ಬರಲೇಬೇಕು. ಆದರೆ ನಿಮ್ಮ ಪುರವಣಿಯಲ್ಲಿ ಜಾಝ್ ಸ್ಯಾಕ್ಸೊಫೋನ್ ವಾದಕ ಸ್ಟ್ಯಾನ್ಲಿ ಟರೆಂಟೀನ್ ಅವರಿಗೂ ಒಂದು ಪುಟ ಕೊಡಿ. 1934ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದವರು. ಅಪ್ಪ ಸ್ಯಾಕ್ಸೊಫೋನ್, ಅಮ್ಮ ಪಿಯಾನೊ, ಅಣ್ಣ ಟ್ರಂಪೆಟ್. ಸ್ಯಾಕ್ಸೊಫೋನ್ ವಾದಕ ಅರ್ಲ್ ಬಾಸ್ಟಿಕ್ ಅವರ ತಂಡದಲ್ಲಿ, ಮುಂದೆ ಜಾಝ್‌ನ ದೊಡ್ಡ ಹೆಸರಾದ ಜಾನ್ ಕೋಲ್ಟ್ರೇನ್ ಬಿಟ್ಟ ಜಾಗಕ್ಕೆ ಬಂದರು. ಆಮೇಲೆ ಆರ್ಗನ್ ನುಡಿಸುವ ಶರ್ಲಿ ಸ್ಕಾಟ್ ಅವರನ್ನು ಮದುವೆಯಾಗಿ, 1960ರ ದಶಕದಲ್ಲಿ ಇಬ್ಬರೂ ಒಟ್ಟಿಗೆ ನುಡಿಸಿದ್ದು ಇದೆಯಲ್ಲ, ಸೋಲ್ ಜಾಝ್ (ಬ್ಲೂಸ್, ಗಾಸ್ಪೆಲ್ ಹಾಡುಗಳ ಛಾಯೆ ಇರುವ ಜಾಝ್) ಅಂದರೆ ಏನು ಅಂತ ತಿಳಿಯಲು ಅದೊಂದೇ ಸಾಕು.

ನಾನು ಟರೆಂಟೀನ್ ಅವರನ್ನು ಮೊದಲು ಕೇಳಿದ್ದು ಕೋಡಿಬಾಗದ ಮನೆಯಲ್ಲಿ. ಜುಲೈ ಮಳೆ, ಕರೆಂಟ್ ಇಲ್ಲ, ಸುಮ್ನೆ ಮೊಬೈಲ್‌ನಲ್ಲಿ ಅವರು 1970ರಲ್ಲಿ ಧ್ವನಿಮುದ್ರಿಸಿದ 'ಶುಗರ್' ಆಲ್ಬಂ ಹಾಕಿದೆ. ಹೆಂಚಿನ ಮೇಲೆ ಮಳೆ ಸದ್ದು ಜಾಸ್ತಿ ಇದ್ದರೂ ಆ ದಪ್ಪ ದನಿ ಕೇಳಿಸುತ್ತಿತ್ತು; ಒಂದು ಸ್ವರ ಹಿಡಿದು, ಕೊನೆಗೆ ಸ್ವಲ್ಪ ನಡುಗಿಸಿ, ಉಸಿರಿನ ಸದ್ದು ಸಮೇತ ಬಿಡುತ್ತಾರೆ. ಜಾಝ್ ಅಂದರೆ ಏನೆಂದೇ ಗೊತ್ತಿಲ್ಲದ ನನ್ನ ಅಮ್ಮ, ಇನ್ನೊಮ್ಮೆ ಹಾಕು ಅಂದಳು.

ಟರೆಂಟೀನ್ 2000ನೇ ಇಸವಿಯಲ್ಲಿ ತೀರಿಕೊಂಡರು. ನಮ್ಮೂರ ಮದುವೆ ಬ್ಯಾಂಡ್‌ಗಳಲ್ಲಿ ಸ್ಯಾಕ್ಸೊಫೋನ್ ಊದುವ ಹುಡುಗರಿದ್ದಾರೆ, ಅವರ ಕಿವಿಗೆ ಈ ಹೆಸರು ಬೀಳಬೇಕು, ಅಲ್ವಾ?

– ಓದುಗ, ಕಾರವಾರ