ನರ್ಸರಿ ಕೋರ್ಸಿಗೆ ಶುಲ್ಕ ಕಟ್ಟುವ ಮುನ್ನ

ಮಾನ್ಯರೇ,

ಪಿಯುಸಿ ಫಲಿತಾಂಶ ಬಂದದ್ದೇ ತಡ, ‘ಆರು ತಿಂಗಳಲ್ಲಿ ನರ್ಸರಿ ಟೀಚರ್’ ಫಲಕಗಳು ಏಳುತ್ತವೆ. ಹಣ ಕಟ್ಟುವ ಮುನ್ನ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) ಮಾನ್ಯತೆ ಇದೆಯೇ ನೋಡಿ; ಅದರ ಶಾಲಾಪೂರ್ವ ಶಿಕ್ಷಣ ಡಿಪ್ಲೊಮಾ 2 ವರ್ಷದ್ದು. ಅಂಗನವಾಡಿ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಸಾಕು. ಆದರೆ ಸ್ಥಳೀಯರೇ ಆಗಿರಬೇಕು. ವಾಸಸ್ಥಳ ದೃಢೀಕರಣವಿಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ಸಿಗುವುದು ಗೌರವಧನ, ಸಂಬಳವಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಇವರ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಹಕ್ಕು ಎತ್ತಿಹಿಡಿದದ್ದಷ್ಟೇ ಸಮಾಧಾನ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ, ಅಲ್ಲೂ ಕೆಲಸವುಂಟು.

ಇನ್ನು ಕಲಿಯಬೇಕಾದ್ದು ಬರೀ ಶಿಶುಗೀತೆಯಲ್ಲ. ಮೂರರ ಮಗುವಿಗೆ ಪೆನ್ಸಿಲ್‌ಗಿಂತ ಮೊದಲು ಕಾಗದ ಹರಿಯಲು, ಹುಣಸೆಬೀಜ ಹೆಕ್ಕಿ ಬಟ್ಟಲಿಗೆ ಹಾಕಲು ಕೊಡಿ (ಮೂಗಿಗೆ ತುರುಕಿಕೊಳ್ಳದಂತೆ ಪಕ್ಕದಲ್ಲೇ ಕೂತು!). ಬೆರಳು ಪಳಗುವ ಮೊದಲೇ ಅಕ್ಷರ ತಿದ್ದಿಸಿದರೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವುದೇ ರೂಢಿಯಾಗುತ್ತದೆ.

– ಶಾಲಾಪೂರ್ವ ಶಿಕ್ಷಣ ತರಬೇತುದಾರರು, ಮೈಸೂರು